ಮುಯ್ಯಿಯ ಮಧ್ಯಾಹ್ನಗಳು

ಹಿಂದಿನ ಮನೆಯ ಅಕ್ಕಾರ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ನಡೆಯಲಾಗದ ನಾದಿನಿಯನ್ನು ವರ್ಷಗಟ್ಟಲೆ ಎತ್ತಿ ಇಳಿಸಿ ಅದು ಹಾಗೇ ನಿಂತುಬಿಟ್ಟಿತ್ತು. ಆ ಶನಿವಾರ ಬೆಳಿಗ್ಗೆ ನಾನು ಮಗಳ ಮುಖ ತೊಳೆಸಿ, ಗಂಜಿ ಸೋಸಿ, ಅವಳ ಕುತ್ತಿಗೆಯ ಕೆಳಗೆ ಮಡಿಚಿದ ದುಪ್ಪಟಿ ಇಟ್ಟು ಒಂದೊಂದೇ ಚಮಚ ಕುಡಿಸುತ್ತಿದ್ದಾಗ ಹಿತ್ತಲ ಗೋಡೆಯಾಚೆ ಆ ಹೆಗಲು, ಅದರ ಮೇಲೊಂದು ಕೊಡ ಕಂಡವು. ಒಂಬತ್ತರ ಬಸ್ಸಿಗೆ ಹೊರಡುವವರಿದ್ದರು, ಅದಕ್ಕೇ ಎಂದಿಗಿಂತ ಬೇಗ ನೀರು ತುಂಬಿಡುತ್ತಿದ್ದರು. ಎಂಟೂವರೆಗೆ ನಾನು ಅವರ ಮನೆಗೆ ಹೋಗಿ ಸಂಜೆಯ ತನಕ ನಾದಿನಿಯ ಹತ್ತಿರ ಇರಬೇಕಿತ್ತು. ಅಂದು ನನ್ನ ಪಾಳಿ.

ರಾಮದುರ್ಗದಲ್ಲಿ ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿದ ಮನೆ ಅವರದು. ನಾನು ಅಕ್ಕಾರು ಎನ್ನುತ್ತಿದ್ದೆ. ಸುರೇಬಾನದ ಒಕ್ಕಲಿನ ಮನೆತನ. ಗಂಡ ತೀರಿಕೊಂಡ ಮೇಲೆ ತವರಿಗೆ ಹೋಗಬಹುದಿತ್ತು. ಗಂಡನ ತಂಗಿಯನ್ನು ಬಿಟ್ಟು ಹೋಗಲಿಲ್ಲ. ನನ್ನ ಮಗಳಿಗೆ ಆಗ ಆರು ವರ್ಷ. ಕುತ್ತಿಗೆ ನಿಂತಿರಲಿಲ್ಲ, ಮಾತು ಬಂದಿರಲಿಲ್ಲ. ಅವಳನ್ನು ಒಬ್ಬಳೇ ಬಿಟ್ಟು ನಾನು ಓಣಿಯ ತಿರುವಿನವರೆಗೂ ಹೋದದ್ದಿಲ್ಲ.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ತೂಕಡಿಸುತ್ತಿದ್ದೆ. ಗೋಡೆಯ ಮೇಲಿಂದ ನೋಡಿದವರು, ಮುಯ್ಯಾಳು ಮಾಡೋಣವೇ ಎಂದು ಕೇಳಿದರು. ನನಗೆ ಗೊತ್ತಾಗಲಿಲ್ಲ. ಹೊಲದಲ್ಲಿ ಹಾಗೆ ಮಾಡುತ್ತಾರಂತೆ: ಇವತ್ತು ನಿಮ್ಮ ಹೊಲದ ಕಸ ನಾನು ತೆಗೆಯುತ್ತೇನೆ, ನಾಳೆ ನನ್ನ ಹೊಲಕ್ಕೆ ನೀವು ಬರ್ರಿ. ಬುಧವಾರ ಮಧ್ಯಾಹ್ನ ಅವರು ನನ್ನ ಮಗಳನ್ನು ನೋಡಿಕೊಳ್ಳುವುದು, ಶನಿವಾರ ಮಧ್ಯಾಹ್ನ ನಾನು ಅವರ ನಾದಿನಿಯನ್ನು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು, ನಿಮಗ್ಯಾಕೆ ತೊಂದರೆ ಎಂದು ತೊದಲಿದೆ. ಅವರು ನಕ್ಕರು.

"ಪುಕ್ಕಟೆ ಮಾಡಿದ್ರ ನಾಳೆ ಮತ್ತ ಕೇಳಾಕ ನಾಚ್ಕೋತಿ ತಂಗಿ. ಮುಯ್ಯಿ ಆದ್ರ ಹಕ್ಕಿಲೆ ಕೇಳ್ತಿ."

ಬುಧವಾರ ಹಿತ್ತಲ ಬಾಗಿಲಿನಿಂದ ಬಂದು ಕಾಲು ತೊಳೆದು, ಬಚ್ಚಲ ಹಂಡೆಗೆ ಎರಡೂ ಅಂಗೈ ಒತ್ತಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಮಗಳನ್ನು ಮುಟ್ಟುತ್ತಿದ್ದರು. ಅವಳನ್ನು ಬೆಳಕಿಗೆ ಮುಖ ಮಾಡಿ ಮಲಗಿಸಿ, ಪಕ್ಕದಲ್ಲಿ ಜೋಳ ಹಸನು ಮಾಡುತ್ತ, ಸಂತೆಯಲ್ಲಿ ಉಳ್ಳಾಗಡ್ಡಿ ಎಷ್ಟಕ್ಕೆ ಬಂತು, ಯಾರ ಎಮ್ಮೆ ಈಯಿತು ಎಂದು ದೊಡ್ಡವರ ಜೊತೆ ಮಾತಾಡಿದ ಹಾಗೆ ಮಾತಾಡುವರು. ಅವಳಿಗೆ ಇದೆಲ್ಲ ತಿಳಿಯುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. "ಮಾತ ಬರದಿದ್ರ ಏನಾತು? ಕೇಳಾಕ ಬರತೈತಲ್ಲ" ಎಂದಿದ್ದರು.

ಅವರ ನಾದಿನಿ ಬಲು ಬಾಯಿಯ ಹೆಂಗಸು. ನಾನು ಮೊದಲ ಶನಿವಾರ ಹೋದಾಗ ಮಲಗಿದಲ್ಲಿಂದಲೇ ನನ್ನನ್ನು ಅಳೆದು, "ಬಂದ್ಳು ನೋಡು ಇಂಗ್ಲಿಷ್ ಸಾಲಿ ಕಲ್ತಾಕಿ. ಹಂಗ ತಲಿ ಬಾಚ್ತಿಯೋ, ಪುಸ್ತಕ ನೋಡಿ ಬಾಚ್ತಿಯೋ?" ಎಂದಿದ್ದರು.

ನಮ್ಮಲ್ಲಿ ಒಂದೇ ಕಟ್ಟಳೆ. ಬಿಡುವಿನಲ್ಲಿ ಎಲ್ಲಿಗೆ ಹೋಗಿದ್ದೆ, ಏನು ಮಾಡಿದೆ ಎಂದು ಒಬ್ಬರನ್ನೊಬ್ಬರು ಕೇಳಬಾರದು. ಮನೆಗೆಲಸವನ್ನಂತೂ ಮಾಡಕೂಡದು. ನಾನು ಎರಡು ಸಲ ಮಲಪ್ರಭೆಯ ದಂಡೆಯಲ್ಲಿ ಸುಮ್ಮನೆ ಕೂತು ಬಂದೆ. ಉಳಿದ ಬುಧವಾರಗಳಲ್ಲೆಲ್ಲ ಸಾಮಾನಿನ ಕೋಣೆಯ ಅಗಳಿ ಹಾಕಿಕೊಂಡು ನಿದ್ದೆ ಮಾಡಿದೆ.

ಆ ವಾರ, ಬುಧವಾರದ ಪಾಳಿ ಮುಗಿಸಿ ಹೊರಟವರು, ಶನಿವಾರ ಇಡೀ ದಿನ ಬೇಕು, ಬೆಳಗಾವಿಗೆ ಹೋಗಿ ಬರುವುದಿದೆ ಎಂದರು. ಕಟ್ಟಳೆಯಂತೆ ನಾನು ಕಾರಣ ಕೇಳಲಿಲ್ಲ. ಯಾವುದೋ ನೆಂಟರ ಮನೆ ಇರಬೇಕೆಂದುಕೊಂಡೆ.

ಆದರೆ ಶನಿವಾರ ಗಂಜಿ ಕುಡಿಸಿ ಏಳುವಷ್ಟರಲ್ಲಿ ಎಂ.ಕೆ. ಹುಬ್ಬಳ್ಳಿಯಿಂದ ಹೇಳಿಕೆ ಬಂತು. ಅತ್ತೆಯ ಕಿರಿಮಗಳನ್ನು ನೋಡಲು ಗಂಡಿನ ಕಡೆಯವರು ಹತ್ತಕ್ಕೆ ಬರುತ್ತಾರೆ. ಕಬ್ಬಿನ ಹೊಲವಿದ್ದ ಅನುಕೂಲಸ್ಥರು, ಕೈತಪ್ಪಬಾರದ ಮನೆ. ಅತ್ತೆ ನನ್ನ ಮಗಳ ಕಡೆ ನೋಡಿದರು. "ಕೂಸಿನ್ನ ಕಂಡ್ರ ರಕ್ತದಾಗ ಐತಿ ಅಂತಾರ. ಸಂಜಿ ತನಕ ಹಿಂದಿನ ಮನ್ಯಾಗಿರ್ಲಿ."

ಇವತ್ತು ಅಕ್ಕಾರು ಊರಿಗೆ ಹೊರಟಿದ್ದಾರೆ, ನಾನೇ ಅಲ್ಲಿಗೆ ಹೋಗಬೇಕು ಎನ್ನಲು ಬಾಯಿ ತೆರೆದೆ. ಹೊರಗೆ ಬರಲಿಲ್ಲ. ಹೂರಣಕ್ಕೆ ಬೇಳೆ ಇಟ್ಟಾಗಿತ್ತು. ಅತ್ತೆಯೇ ಮಗಳನ್ನು ಎತ್ತಿಕೊಂಡು ಹೋದರು, ಒಂದು ಗಳಿಗೆಯಲ್ಲಿ ಬರಿಗೈಯಲ್ಲಿ ಬಂದರು. ಏನಂದರು ಎಂದು ಕೇಳಿದೆ. "ಏನಂತಾಳ? ಹೂಂ ಅಂದ್ಳು." ನನಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಸಂತೋಷವೇ ಆಯಿತು.

ಅಕ್ಕಾರ ಎದೆಯಲ್ಲೊಂದು ಗಂಟು ಇದ್ದದ್ದು, ಊರಿನ ಡಾಕ್ಟರರು ತಡಮಾಡದೆ ಬೆಳಗಾವಿಯ ದೊಡ್ಡ ದವಾಖಾನೆಗೆ ಹೋಗಿರೆಂದು ಚೀಟಿ ಬರೆದುಕೊಟ್ಟದ್ದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ. ಆ ಮೂರು ತಿಂಗಳು ಅವರು ಇಡೀ ದಿನ ಮತ್ತೆ ಕೇಳಲಿಲ್ಲ. ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಕೊನೆಗೆ ನಾನೇ ಜೊತೆಗೆ ಹೋದೆ. ಹೊತ್ತು ಮೀರಿದೆ ಎಂದರು ಅಲ್ಲಿನ ಡಾಕ್ಟರರು. ಬಸ್ಸಿನಲ್ಲಿ ವಾಪಸು ಬರುವಾಗ ಆ ಶನಿವಾರದ ಮಾತೆತ್ತಿ ನಾನು ಅತ್ತುಬಿಟ್ಟೆ. ಅಕ್ಕಾರು ನನ್ನ ಕೈಮೇಲೆ ಕೈಯಿಟ್ಟು, "ಮುಯ್ಯಿ ಅಂದ್ರ ಒಂದಿನ ಹಿಂದ ಮುಂದ ಆಗೂದನ. ಅದನ್ನೇನ ಹಿಡ್ಕೊಂಡ ಕುಂತಿ?" ಎಂದರು. ಮುಂಗಾರಿಗೆ ಮೊದಲೇ ಹೋಗಿಬಿಟ್ಟರು. ನಾದಿನಿಯನ್ನು ಸುರೇಬಾನದ ನೆಂಟರು ಕರೆದೊಯ್ದರು. ಈಗಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಅವರ ತಲೆ ಬಾಚಿ ಬರುತ್ತೇನೆ. ಮೊದಲಿನಂತೆ ಬಯ್ಯುವುದಿಲ್ಲ ಅವರು. ಬಯ್ದರೆ ಚೆನ್ನಾಗಿತ್ತು.

ಆ ಶನಿವಾರ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ಗಂಡಿನವರು ಹೂಂ ಎಂದು ಹೇಳಿ ಹೋಗಿದ್ದರು, ಮನೆಯೆಲ್ಲ ಹೋಳಿಗೆಯ ವಾಸನೆ. ಎಲೆಯಲ್ಲಿ ನಾಲ್ಕು ಹೋಳಿಗೆ ಸುತ್ತಿಕೊಂಡು ಮಗಳನ್ನು ಕರೆತರಲು ಹೊರಟೆ. ಪಕ್ಕದ ಪುರೋಹಿತರ ಮನೆಯಾಕೆ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದರು. ಕೈ ನಿಲ್ಲಿಸದೆ ಕೇಳಿದರು:

"ಹಿಂದಿನ ಮನಿ ಅಕ್ಕಾರು ಮುಂಜಾನಿಂದ ಚಲೋ ಇಳಕಲ್ ಸೀರಿ ಉಟಗೊಂಡೇ ನಿಮ್ಮ ಕೂಸಿಗೆ ಉಣಿಸ್ಲಿಕ್ಕೆ ಹತ್ಯಾರಲ್ರೀ. ನಿಮ್ಮನಿ ಕಾರ್ಯಕ್ಕ ಅವರಿಗೂ ಕರದಿದ್ರೇನು?"