ಅತ್ತೆಯ ಹ್ಯಾಂಡಲ್ ಅಳಿಯನಿಗೆ

ನಮ್ಮಮ್ಮನನ್ನು ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಇರಲಿಲ್ಲ. ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ ಅವಳು ಎಲ್ಲರಿಗೂ ಮೀಟರಮ್ಮ. ಮೋಟಾರ್ ಸೈಕಲ್ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಗಲ್ಲಿಗಲ್ಲಿ ಸುತ್ತುವುದು, ಬಾಗಿಲ ಪಕ್ಕದ ಕಬ್ಬಿಣದ ಮುಚ್ಚಳ ಎತ್ತುವುದು, ಟಾರ್ಚ್ ಬಿಟ್ಟು ಅಂಕಿ ನೋಡುವುದು, ಇದರಲ್ಲೇ ಅವಳ ಪ್ರಾಯ ಕಳೆಯಿತು. ಅವಳ ಬೈಕು ಸಾದಾ ಮಾಡೆಲ್. ಎತ್ತರದ ಹ್ಯಾಂಡಲ್, ಇಬ್ಬರು ಆರಾಮಾಗಿ ಕೂರುವಂಥ ಉದ್ದ ಸೀಟು. ನಾನು ಶಾಲೆಗೆ ಹೋದದ್ದು, ಜ್ವರ ಬಂದಾಗ ಡಾಕ್ಟರ ಹತ್ತಿರ ಹೋದದ್ದು ಎಲ್ಲ ಅದರ ಹಿಂದಿನ ಸೀಟಿನಲ್ಲೇ. ಅಪ್ಪ ಬೇಗ ತೀರಿಕೊಂಡಿದ್ದರು. "ನಮ್ಮನೇಲಿ ಗಂಡಸು ಅಂತ ಇರೋದು ಈ ಬೈಕೊಂದೇ. ಹೇಳಿದ ಮಾತು ಕೇಳತ್ತೆ, ಎದುರು ಮಾತಾಡಲ್ಲ" ಎಂದು ಅಮ್ಮ ನಗುತ್ತಿದ್ದಳು.

ಅದೇ ಕಂಪನಿ ಅದೇ ಎಂಜಿನ್ ಹಾಕಿ ಇನ್ನೊಂದು ಮಾಡೆಲನ್ನೂ ಮಾಡುತ್ತಿತ್ತು, ಸ್ಪೋರ್ಟ್ ಮಾಡೆಲ್. ಗಿಡ್ಡ ಹ್ಯಾಂಡಲ್, ಒಬ್ಬರಿಗಷ್ಟೇ ಆಗುವ ಸೀಟು, ಹಿಂದಕ್ಕೆ ಸರಿದ ಫುಟ್‌ರೆಸ್ಟು. ಓಡಿಸುವವರು ಟ್ಯಾಂಕಿನ ಮೇಲೆ ಮಲಗಿದ ಹಾಗೆ ಬಗ್ಗಿ ಕೂರಬೇಕು. ಬೈಕು ಕೊಳ್ಳುವಾಗ ಅಮ್ಮನ ಕಣ್ಣು ಅದರ ಮೇಲೇ ಇತ್ತಂತೆ. ಆದರೆ ಮಗಳನ್ನು ಎಲ್ಲಿ ಕೂರಿಸುವುದು?

ಮುಂದೆ ನಾನು ಮೆಚ್ಚಿದ ಟೈಲರನ್ನು ಮೊದಲ ಸಲ ಮನೆಗೆ ಕರೆದೆ. ಅವರು ಬಂದಿಳಿದದ್ದು ಅದೇ ಸ್ಪೋರ್ಟ್ ಮಾಡೆಲ್‌ನಿಂದ. ಅಮ್ಮ ಅವರ ಕೈಗೆ ನೀರಿನ ಲೋಟ ಕೊಟ್ಟವಳೇ ನೇರ ಹೊರಗೆ ಹೋದಳು. ಬೈಕಿನ ಸುತ್ತ ಒಂದು ಸುತ್ತು ಬಂದು, ಮಂಡಿಯೂರಿ ಎಂಜಿನ್ ಅಡಿ ಇಣುಕಿ, ಒಳಗೆ ಬಂದು ನನ್ನ ಕಿವಿಯಲ್ಲಿ "ಎಣ್ಣೆ ಸೋರಲ್ಲ. ಹುಡುಗ ಪರವಾಗಿಲ್ಲ ಕಣೇ" ಅಂದಳು. ನಮ್ಮ ಮದುವೆ ಅಲ್ಲಿಗೆ ನಿಕ್ಕಿಯಾಯಿತು.

ವರ್ಷಗಳು ಉರುಳಿದವು. ಅಮ್ಮ ನಿವೃತ್ತಳಾದಳು. ಇತ್ತ ನಮ್ಮವರ ಬೆನ್ನು ಕೈಕೊಡತೊಡಗಿತು. ಹಗಲೆಲ್ಲ ಹೊಲಿಗೆ ಮಿಷನ್ ಮುಂದೆ ಬಗ್ಗುವುದು, ಸಂಜೆ ಬೈಕಿನ ಮೇಲೆ ಬಗ್ಗುವುದು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿರುತ್ತಿದ್ದರು. ಏನು ಅಂತ ಕೇಳಿದರೆ, "ಹೊಸ ಕಾಲರ್ ಬಗ್ಗೆ ಯೋಚನೆ ಮಾಡ್ತಿದ್ದೆ" ಅನ್ನುವರು.

ಅಮ್ಮನಿಗೆ ಅರ್ಥವಾಗದೆ ಇರುತ್ತದೆಯೇ? "ಅಳಿಯಂದ್ರೇ, ನನ್ನ ಹ್ಯಾಂಡಲ್ ನೀವು ಹಾಕ್ಕೊಳ್ಳಿ, ನಿಮ್ದು ನನಗೆ ಕೊಡಿ. ಸೀಟು, ಫುಟ್‌ರೆಸ್ಟೂ ಬದಲಾಯಿಸಿಬಿಡೋಣ. ಎರಡಕ್ಕೂ ಚಾಸಿ ಒಂದೇ ತಾನೆ?" ಅಂದಳು.

"ಅದೆಲ್ಲ ಬಿಚ್ಚಿದ್ಮೇಲೆ ಅದು ಸ್ಪೋರ್ಟ್ ಮಾಡೆಲ್ ಹೇಗಾಗತ್ತೆ, ಅತ್ತೆ? ಅಷ್ಟಕ್ಕೂ ನನ್ನ ಬೆನ್ನಿಗೇನಾಗಿದೆ? ಕಲ್ಲಿನ ಹಾಗಿದೆ."

"ಹೌದಮ್ಮ, ಕಲ್ಲಿನ ಹಾಗೇ ಇದೆ. ಬಗ್ಗಿದ್ದು ಏಳೋದೇ ಇಲ್ಲ" ಅಂದೆ ನಾನು. ಅವರು ನನ್ನನ್ನು ದುರುಗುಟ್ಟಿ ನೋಡಿದರು.

ಒಂದು ಬೆಳಗ್ಗೆ ಅಂಗಡಿ ಮುಂದೆ ಬೈಕು ನಿಲ್ಲಿಸಿದವರು ಇಳಿಯಲೇ ಇಲ್ಲ. ಸೊಂಟ ಹಿಡಿದುಕೊಂಡುಬಿಟ್ಟಿತ್ತು. ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿಯೊಬ್ಬ, ಇವರು ಏನೋ ರಿಪೇರಿ ನೋಡುತ್ತಿದ್ದಾರೆ ಅಂದುಕೊಂಡು ಪಕ್ಕದಲ್ಲೇ ಕಾದು ನಿಂತ. ಮಾನ ಉಳಿಸಿಕೊಳ್ಳಬೇಕಲ್ಲ, ನಮ್ಮವರು ಬಗ್ಗಿದಲ್ಲಿಂದಲೇ ಕೊರಳಿನ ಟೇಪು ತೆಗೆದು ಅವನ ಅಳತೆ ತೆಗೆದುಕೊಂಡರಂತೆ! ಅಷ್ಟರಲ್ಲಿ ಆ ದಾರಿಯಾಗಿ ಬಂದ ಅಮ್ಮ ಒಂದು ರಟ್ಟೆ ಹಿಡಿದಳು, ಗಿರಾಕಿ ಇನ್ನೊಂದು ಹಿಡಿದ. ಇಬ್ಬರೂ ಸೇರಿ ಮೆಲ್ಲಗೆ ಇಳಿಸಿ ಒಳಗೆ ಮಲಗಿಸಿದರು. ಅಮ್ಮ ಬೈಕನ್ನು ನೆರಳಿಗೆ ತಳ್ಳಿ ನಿಲ್ಲಿಸಿ, ಕೀಲಿಯನ್ನು ಇವರ ಕೈಗಿಟ್ಟು ತನ್ನ ದಾರಿ ಹಿಡಿದಳು. ಅದೇ ಇವರಿಗೆ ಹೆಚ್ಚು ನಾಟಿತು. ನೋವು ಇಳಿದ ಮೇಲೆ ತಾವಾಗಿಯೇ ಬಂದು, "ಭಾನುವಾರ ಬಿಡುವಿದೆಯಾ, ಅತ್ತೆ?" ಅಂದರು.

ಅಮ್ಮ ಬಿಡುವಿದೆಯೋ ಇಲ್ಲವೋ ಅಂತ ಯೋಚಿಸುವವಳ ಹಾಗೆ ಸ್ವಲ್ಪ ಹೊತ್ತು ಸೂರು ನೋಡಿದಳು.

ಭಾನುವಾರ ಅಂಗಳದಲ್ಲಿ ಎರಡು ಬೈಕೂ ಅಕ್ಕಪಕ್ಕ ನಿಂತವು. ನಟ್ಟು ಬೋಲ್ಟುಗಳು ಕಲಸುಮೇಲೋಗರವಾಗದಿರಲಿ ಅಂತ ಅವಳದ್ದಕ್ಕೆ ಕೆಂಪು ಬಕೆಟ್ಟು, ಇವರದ್ದಕ್ಕೆ ನೀಲಿ. ಹಿಂದಕ್ಕೆ ಸರಿದ ಫುಟ್‌ರೆಸ್ಟಿಗೆ ಬೇಕಾದ ತೂತುಗಳು ಅಮ್ಮನ ಬೈಕಿನ ಚಾಸಿಯಲ್ಲೂ ಇದ್ದವು, ಕಂಪನಿಯವರು ರಬ್ಬರ್ ಬಿರಡೆ ಬಡಿದಿದ್ದರು ಅಷ್ಟೇ. ಸ್ಕ್ರೂಡ್ರೈವರಿನಿಂದ ಆ ಬಿರಡೆಗಳನ್ನು ಎಬ್ಬಿಸುವಾಗ ಅವಳ ಮುಖ ನೋಡಬೇಕಿತ್ತು.

ಹ್ಯಾಂಡಲ್ ಕೂರಿಸಿ ಇವರ ಬೈಕು ಸ್ಟಾರ್ಟ್ ಮಾಡಿದ್ದಾಯಿತು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದ್ದೇ ತಡ, ಯಾರೂ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಗುರ್ರೆಂದು ಅರಚಿಕೊಂಡಿತು. ಗೋಡೆ ಮೇಲಿದ್ದ ಬೆಕ್ಕು ಪಕ್ಕದ ಮನೆಗೆ ಹಾರಿತು.

"ಕೇಬಲ್ ಗಿಡ್ಡ ಆಯ್ತು" ಅಂದರು ನಮ್ಮವರು. "ಬಿಗಿ ಷರಟು ಹಾಕ್ಕೊಂಡು ಕೈ ಎತ್ತಿದ್ರೆ ಹೊಟ್ಟೆ ಕಾಣತ್ತಲ್ಲ, ಹಾಗೆ. ಹ್ಯಾಂಡಲ್ ಎತ್ತರಕ್ಕೆ ಹೋದ್ರೆ ಕೇಬಲ್ಲೂ ಉದ್ದ ಇರಬೇಕು."

"ಹಾಗಿದ್ರೆ ಕೇಬಲ್ಲುಗಳೂ ಅದಲುಬದಲು!" ಎಂದು ಅಮ್ಮ ಮತ್ತೆ ಸ್ಪ್ಯಾನರ್ ಎತ್ತಿಕೊಂಡಳು.

ಆಮೇಲೆ ಅವಳ ಸರದಿ. ಹೆಲ್ಮೆಟ್ ಹಾಕಿಕೊಂಡು, ಟ್ಯಾಂಕಿನ ಮೇಲೆ ಬಗ್ಗಿ, ಎಂದಿನ ಹಾಗೆ ಗೇರು ಒತ್ತಿ ಕ್ಲಚ್ ಬಿಟ್ಟಳು. ಬೈಕು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಮತ್ತೆ ಒತ್ತಿದಳು, ಮತ್ತೆ ಅದೇ ಕಥೆ. ಬೇಸತ್ತು ಗೇರನ್ನು ಮೇಲಕ್ಕೆತ್ತಿದರೆ ಸಲೀಸಾಗಿ ಹೊರಟಿತು. ಒತ್ತಿದರೆ ಬೀಳಬೇಕಿದ್ದ ಒಂದನೇ ಗೇರು ಎತ್ತಿದರೆ ಬೀಳುತ್ತಿತ್ತು. ಅಮ್ಮನ ಮುಖ ಚಿಕ್ಕದಾಯಿತು. "ಇಷ್ಟು ವರ್ಷ ಈ ಕಾಲು ಕಲಿತದ್ದನ್ನೆಲ್ಲ ಈಗ ಮರೀಬೇಕಾ?"

ನಮ್ಮವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಪೆಡಲ್ ಹಿಂದಕ್ಕೆ ಹೋಗಿದ್ದರಿಂದ ಅದಕ್ಕೂ ಎಂಜಿನ್ನಿಗೂ ನಡುವೆ ಒಂದು ಸರಳು, ಸರಳಿನ ತುದಿಗೆ ಒಂದು ಪುಟ್ಟ ತೋಳು. ನೋಡುತ್ತಾ ನೋಡುತ್ತಾ ಅವರಿಗೆ ನಗು ಬಂತು. "ಅತ್ತೆ, ತೋಳು ಉಲ್ಟಾ ಹೊಲಿದುಬಿಟ್ಟಿದೀವಿ! ಇದು ಕೆಳಮುಖ ಇರಬೇಕು, ನಾವು ಮೇಲ್ಮುಖ ಕೂರಿಸಿದೀವಿ." ಬಿಚ್ಚಿ ತಿರುಗಿಸಿ ಹಾಕಿದರು. ಅಮ್ಮ ಒತ್ತಿದಳು. ಗೇರು ಟಕ್ ಅಂತ ಬಿತ್ತು.

"ನಿಮ್ಮನ್ನ ಅಳಿಯ ಮಾಡ್ಕೊಂಡಿದ್ದು ಸಾರ್ಥಕ ಆಯ್ತು ನೋಡಿ" ಅಂದಳು. ನಮ್ಮವರು ಆ ಮಾತನ್ನು ಮುಂದೆ ಎಷ್ಟೋ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದರು.

ಆ ಭಾನುವಾರ ಮಧ್ಯಾಹ್ನವೇ ಮೂವರೂ ಗುಡ್ಡದ ರಸ್ತೆಗೆ ಹೊರಟೆವು. ಮದುವೆಯಾದಂದಿನಿಂದ ನಾನು ಗಂಡನ ಹಿಂದೆ ಬೈಕಿನಲ್ಲಿ ಕೂತದ್ದು ಅದೇ ಮೊದಲು. ಅವರು ದೊರೆಯ ಹಾಗೆ ನೆಟ್ಟಗೆ ಕೂತು, "ಅಬ್ಬಾ, ದಾರೀಲಿ ಮರಗಳಿದಾವೆ ಕಣೇ! ಇಷ್ಟು ದಿನ ಬರೀ ಟಾರು ಕಾಣ್ತಿತ್ತು" ಅಂದರು. ಅಷ್ಟರಲ್ಲಿ ನಮ್ಮ ಪಕ್ಕದಿಂದ ಏನೋ ಭರ್ರೆಂದು ಹಾದುಹೋಯಿತು. ಟ್ಯಾಂಕಿಗೆ ಗದ್ದ ತಾಗುವಷ್ಟು ಬಗ್ಗಿದ್ದ ಅಮ್ಮ ಮುಂದಿನ ತಿರುವಿನಲ್ಲಿ ವಾಲಿ ಕಣ್ಮರೆಯಾದಳು.

ನಾವು ಗುಡ್ಡದ ತುದಿ ಮುಟ್ಟಿದಾಗ ಅವಳು ಚಹಾದಂಗಡಿಯ ಬೆಂಚಿನ ಮೇಲೆ ಕೂದಲು ಕೆದರಿಕೊಂಡು ಕೂತಿದ್ದಳು. ಕೆನ್ನೆ ಕೆಂಪಾಗಿತ್ತು. ನಮಗೆ ಚಹಾ ಹೇಳಿದವಳು ತಾನು ಮಾತ್ರ ಹೆಲ್ಮೆಟ್ ಎತ್ತಿಕೊಂಡಳು.

"ಎಲ್ಲಿಗಮ್ಮ?"

"ನೀವು ಕುಡೀತಾ ಇರಿ. ಆ ಮೂರನೇ ತಿರುವು ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಇಳಿದು ಹತ್ತಿ ಬರ್ತೀನಿ."