ಗಾಳಿಯಲ್ಲಿ ತೇಲಿ ಬಂದ ಅಜ್ಜಾರು

ನಾನು ಚಿಕ್ಕವನಿದ್ದಾಗ ಸಂಡೂರಿನಲ್ಲಿ ಎಮ್ಮೆಗಳೂ ಕೆಂಪಗಿದ್ದವು. ಸುಳ್ಳಲ್ಲ ಮಕ್ಕಳೇ! ಅದಿರಿನ ಲಾರಿಗಳು ಎಬ್ಬಿಸಿದ ಧೂಳು ಮರ, ಮನೆ, ಒಣಹಾಕಿದ ಅಂಗಿ, ಎಲ್ಲದರ ಮೇಲೂ ಕೂರುತ್ತಿತ್ತು. ನಾನೊಮ್ಮೆ ಸೀನಿದರೆ ಗೋಡೆಗೆ ಕೆಮ್ಮಣ್ಣು ಬಳಿದ ಹಾಗಾಗುತ್ತಿತ್ತು.

ಆ ಧೂಳಿಗೇ ಅಕ್ಕನಿಗೆ ಉಬ್ಬಸ ಹತ್ತಿತ್ತು. ಅವಳ ಎದೆ ಹಳೆಯ ಹಾರ್ಮೋನಿಯಂನಂತೆ ಕುಂಯ್ ಎನ್ನುತ್ತಿತ್ತು. ಮಾತ್ರೆ ನುಂಗಿದರಷ್ಟೇ ಸುಮ್ಮನಾಗುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಮನೆ ಕಟ್ಟೆಯ ಮೇಲೆ ಸ್ವಾಮಿಯೊಬ್ಬ ಪ್ರತ್ಯಕ್ಷನಾದ. ಅವನ ಗಡ್ಡದೊಳಗೆ ಗುಬ್ಬಿಯೊಂದು ಸಂಸಾರ ಹೂಡಬಹುದಿತ್ತು. ನಮ್ಮ ಕಡೆ ಮಠದ ಗುರುಗಳನ್ನು ಜನ ‘ಅಜ್ಜಾರು’ ಎನ್ನುತ್ತಾರೆ. ಈತ ತನ್ನನ್ನು ತಾನೇ ಹಾಗೆ ಕರೆದುಕೊಂಡ.

“ಅಜ್ಜಾರು ಬಂದಾರ, ಪಾದ ತೊಳೀರಿ! ಕಾಶಿಯಿಂದ ಗಾಳ್ಯಾಗ ತೇಲಿ ಬಂದೀನಿ. ಈ ಪಾದ ನೆಲಾನ ಮುಟ್ಟಿಲ್ಲ. ಸೀದಾ ನಿಮ್ಮ ಕಟ್ಟಿ ಮ್ಯಾಲ ಇಳದೀನಿ.”

ಅಕ್ಕನ ಕುಂಯ್ ಕೇಳಿ, “ಆ ಮಾತ್ರಿ ತಿಪ್ಪಿಗೆ ಒಗೀರಿ. ನನ್ನ ಪಾದ ತೊಳದ ನೀರು ಕುಡಿಸ್ರಿ, ಸಾಕು” ಎಂದ.

ಅಪ್ಪ ಮಾತ್ರೆಯ ಡಬ್ಬಿ ಕೈಗೆತ್ತಿಕೊಂಡೇಬಿಟ್ಟರು! 

ಅದನ್ನು ಒಗೆಯುವ ಮೊದಲು ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಸ್ವಾಮಿಯ ಪಾದ ತೊಳೆದರು. ನೀರು ಗುಲಾಬಿಯಾಯಿತು, ಕೆಂಪಾಯಿತು, ಆಮೇಲೆ ಥೇಟ್ ನಮ್ಮ ಎಮ್ಮೆ ತೊಳೆದ ನೀರಾಯಿತು.

ಅಕ್ಕ ಅದನ್ನು ತುಟಿಯ ತನಕ ತಂದು ನಿಲ್ಲಿಸಿದಳು.

“ಅಪ್ಪಾ, ಗಾಳ್ಯಾಗ ಬಂದೋರ ಕಾಲಿಗೆ ಸಂಡೂರು ಹೆಂಗ ಮೆತ್ತೈತಿ?”

ಅಪ್ಪ ಬಗ್ಗಿ ಆ ನೀರು ನೋಡಿದರು. ತೆರೆದ ಬಾಯೊಳಗೆ ನೊಣವೊಂದು ಹೋಗಿ, ತಿರುಗಾಡಿ, ಹೊರಗೆ ಬಂತು. ಅಷ್ಟರಲ್ಲಿ ಸ್ವಾಮಿ ಓಟ ಕಿತ್ತಿದ್ದ, ಅದೂ ನೆಲದ ಮೇಲೇ! ಅದಿರಿನ ಲಾರಿಯೊಂದಕ್ಕೆ ನೇತುಬಿದ್ದು ಹೊಸಪೇಟೆ ಕಡೆ ಮಾಯವಾದ.

ಅಪ್ಪ ತಾವೇ ಅಕ್ಕನಿಗೆ ಮಾತ್ರೆ ನುಂಗಿಸಿದರು. “ಎಂಥಾ ಕೆಲಸ ಮಾಡ್ತಿದ್ದೆ ಯವ್ವಾ ನಾನು!”

ಕೆಲವು ದಿನಗಳ ಮೇಲೆ ನಮ್ಮ ಮಠದ ನಿಜವಾದ ಅಜ್ಜಾರು ಬಂದರು, ಬಸ್ಸಿನಲ್ಲಿ. ಅಪ್ಪ ಬೋಗುಣಿ ತರುವಷ್ಟರಲ್ಲಿ ನಲ್ಲಿಯ ಹತ್ತಿರ ತಾವೇ ಕಾಲು ತೊಳೆಯುತ್ತಿದ್ದರು. “ನಿಮ್ಮೂರ ಧೂಳಿಗೆ ಭಾಳ ಭಕ್ತಿರಪಾ, ಕಾಲು ಬಿಡವಲ್ದು” ಎಂದು ನಕ್ಕರು. ಕೂರುವ ಮೊದಲೇ ಕೇಳಿದರು: “ಹುಡುಗಿ ಮಾತ್ರಿ ತಗೊಂಡಾಳೇನು?”

ಈಗ ನಿಮ್ಮ ಫೋನಿನಲ್ಲಿ ಬೆಳಗಾದರೆ ಸ್ವಾಮಿಗಳು ಸಾಲಾಗಿ ಬರುತ್ತಾರೆ. ಔಷಧಿ ಬಿಡಿ, ನನ್ನನ್ನು ನಂಬಿ ಎನ್ನುತ್ತಾರೆ. ಧೂಳಿಲ್ಲ, ಸೀನಿಲ್ಲ, ಎಲ್ಲ ಫಳಫಳ. ಆದರೆ ಕಾಣುವುದು ಎದೆಯವರೆಗೆ ಮಾತ್ರ. ನಿಮ್ಮ ಫೋನು ಇಸಿದುಕೊಂಡು ನಾನು ಬೆರಳು ಸವೆಯುವಷ್ಟು ತಳ್ಳಿ ನೋಡಿದೆ ಮಕ್ಕಳೇ, ಒಬ್ಬರ ಪಾದವೂ ಸಿಗಲಿಲ್ಲ.