ಬಾಡಿಗೆಗೆ ಮೊದಲು ನಿದ್ದೆ ಕೇಳಿದ ಆಯಿ

ಆಯಿಯ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಬಿಳಿ ಧೂಳು ಕೂತಿರುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೂ, ಒಮ್ಮೆ ಮಗ್ಗದ ಕೋಣೆಗೆ ಹೋಗಿ ಬಂದರೆ ಮತ್ತೆ ಅಷ್ಟೇ. ಇನ್ನು ಧ್ವನಿಯ ಮಾತಂತೂ ಕೇಳಲೇಬೇಡಿ! ಆಯುಷ್ಯವೆಲ್ಲ ಮಗ್ಗದ ಸಪ್ಪಳವನ್ನು ಮೀರಿ ಕೂಗಿ ಮಾತಾಡಿದ ಗಂಟಲು ಅದು. ಗುಟ್ಟು ಹೇಳುತ್ತೇನೆಂದು ಕಿವಿಯ ಹತ್ತಿರ ಬಂದರೂ ಬನಹಟ್ಟಿಯ ನಮ್ಮ ಓಣಿಗೆಲ್ಲ ಕೇಳಿಸುತ್ತಿತ್ತು. ನನಗೆ ಆಕೆ ಮನೆಯೊಡತಿ, ಓಣಿಯವರಿಗೆಲ್ಲ ಆಯಿ, ಅಂದರೆ ಅಜ್ಜಿ. ಐವತ್ತು ದಾಟಿದ ನಾನೂ ನಾಚಿಕೆ ಬಿಟ್ಟು ಆಯಿ ಎಂದೇ ಕರೆದೆ.

ಆಕೆಯನ್ನು ಹುಡುಕಿಕೊಂಡು ನಾನೇನೂ ಬಂದವಳಲ್ಲ. ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದು ಸ್ವಯಂ ನಿವೃತ್ತಿ ಪಡೆದಿದ್ದೆ. ಗಂಡನಿಂದ ಬೇರೆಯಾಗಿ ಬಹಳ ಕಾಲವಾಗಿತ್ತು. ರಾತ್ರಿ ಪಾಳಿಗಳು ನನ್ನ ನಿದ್ದೆಯನ್ನು ತಿಂದು ಮುಗಿಸಿದ್ದವು, ಹುಬ್ಬಳ್ಳಿಯ ಬಾಡಿಗೆ ಪಿಂಚಣಿಯನ್ನು ತಿನ್ನುತ್ತಿತ್ತು. ಪಿಂಚಣಿಯಲ್ಲಿ ನಿಭಾಯಿಸುವಂಥ, ಕಣ್ಣಿಗೆ ಚೆಂದ ಕಾಣುವ, ಸದ್ದುಗದ್ದಲವಿಲ್ಲದ ಒಂದು ಸಣ್ಣ ಊರು ಬೇಕು. ಅಲ್ಲೇ ಕೊನೆಯವರೆಗೆ ಇದ್ದುಬಿಡಬೇಕು. ಇಷ್ಟೇ ನನ್ನ ಆಸೆ.

ಮೊದಲು ಜಮಖಂಡಿಗೆ ಹೋದೆ. ಸಂಸ್ಥಾನದ ಊರು, ಎತ್ತರದ ಕಟ್ಟೆಯ ಹಳೆಯ ಮನೆ, ನೋಡಿದ ಕೂಡಲೇ ಮನಸ್ಸು ಕೂತುಬಿಟ್ಟಿತು. ಮಾಲೀಕರು ಚಹಾ ಕೊಟ್ಟು ಕೇಳಿದರು: “ಯಜಮಾನ್ರು ಯಾವಾಗ ಬರ್ತಾರ್ರೀ?”

“ಬರೂದಿಲ್ರಿ. ನಾ ಒಬ್ಬಾಕಿನ.”

“ಹಂಗಾದ್ರ ಮನಿಯಾಗ ವಿಚಾರ ಮಾಡಿ ಹೇಳ್ತೇವ್ರಿ.”

ಅವರ ವಿಚಾರ ಇನ್ನೂ ಮುಗಿದಿಲ್ಲ. ಮುಧೋಳದಲ್ಲಿ ಒಬ್ಬರು ಫ್ಯಾಮಿಲಿಗೆ ಮಾತ್ರ ಎಂದರು. ನಾನೇನು ಆಕಾಶದಿಂದ ಉದುರಿದವಳೇ? ಬೀಳಗಿಯಲ್ಲಿ ಮಾಳಿಗೆ ಹತ್ತಿದರೆ ಕೃಷ್ಣೆಯ ಹಿನ್ನೀರು ಕಾಣುವ ಮನೆ ಸಿಕ್ಕಿತು, ಮಾತೂ ಮುಗಿಯಿತು. ಸಂಜೆ ಫೋನು: “ನಮ್ಮ ತಂಗಿ ಮಗ ಇರಾಕ ಬರಾಕತ್ತಾನ್ರಿ, ತಪ್ಪು ತಿಳಕೋಬ್ಯಾಡ್ರಿ.” ತಿಳಿದುಕೊಂಡೆ, ಚೆನ್ನಾಗಿಯೇ ತಿಳಿದುಕೊಂಡೆ. ಬಸ್ಸಿನಲ್ಲಿ ಕೂತು ಅತ್ತೆ ಕೂಡ. ಈ ವಯಸ್ಸಿನಲ್ಲಿ, ಅದೂ ಒಂದು ಬಾಡಿಗೆ ಮನೆಗಾಗಿ!

ಬನಹಟ್ಟಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೆಳಗಿನಿಂದ ಮಗ್ಗ ಬಡಿಯುವ ಊರಿನಲ್ಲಿ ಯಾರಾದರೂ ನಿದ್ದೆ ಹುಡುಕುತ್ತಾರೆಯೇ? ಚಿಮ್ಮಡದಲ್ಲಿದ್ದ ಹಳೆಯ ಗೆಳತಿಯನ್ನು ನೋಡಲು ಹೊರಟು, ಆಟೋ ಕಾಯುತ್ತ ಅಲ್ಲಿ ನಿಂತಿದ್ದೆ. ಎದುರಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ‘ಮನಿ ಬಾಡಿಗಿ ಐತಿ’ ಎಂದು ಬರೆದಿತ್ತು. ಸಿಟ್ಟಿನಲ್ಲೇ ಒಳಗೆ ಹೋದೆ. ಇನ್ನೊಂದು ‘ಇಲ್ಲ’ ಕೇಳಿದರೆ ನನ್ನ ಗಂಟೇನು ಹೋಗುತ್ತದೆ ಎಂಬ ಸಿಟ್ಟು.

ಆಯಿ ಗಂಡನನ್ನು ಕೇಳಲಿಲ್ಲ, ಜಾತಿಯನ್ನೂ ಕೇಳಲಿಲ್ಲ. ಊಟ ಆಗಿದೆಯೇ ಎಂದು ಕೇಳಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ ಬಡಿಸಿದಳು. ಆಮೇಲೆ ಖಾಲಿ ಕೋಣೆಯಲ್ಲಿ ಚಾಪೆ ಹಾಸಿದಳು. ಗೋಡೆಯ ಆಚೆ ಮಗ್ಗಗಳು ಖಟಾ ಖಟಾ ಎನ್ನುತ್ತಿದ್ದವು.

“ಇಲ್ಲೇ ಒಂದ್ ಮಧ್ಯಾಹ್ನ ಮಲ್ಕೋರಿ. ನಿದ್ದಿ ಹತ್ತಿದ್ರ ಮನಿ ನಿಮ್ದು. ಹತ್ಲಿಲ್ಲಂದ್ರ ಮಜ್ಜಿಗಿ ಕುಡಿದು ಹೋಗ್ರಿ.”

“ಇದೆಂಥಾ ಪರೀಕ್ಷಾರಿ ಆಯಿ?”

“ಹಿಂದಿನಾವ್ರು ಹೂಂ ಅಂದು ಬಂದ್ರು, ಆಮ್ಯಾಲ ಮಗ್ಗ ಬಂದ್ ಮಾಡ್ರಿ ಅಂತ ದಿನಾ ಜಗಳ. ಮಗ್ಗ ಬಂದ್ ಮಾಡಿ ನಾವೇನ್ ತಿನ್ನೂಣು? ಮಲ್ಕೋರಿ ಸುಮ್ನ.”

ನಗೆ ಬಂತು. ಹಾಸಿಗೆಯಲ್ಲೇ ನಿದ್ದೆ ಬಾರದವಳಿಗೆ ಈ ಗದ್ದಲದಲ್ಲಿ ಚಾಪೆಯ ಮೇಲೆ ಬರುತ್ತದೆಯೇ? ಬಿಸಿಲು ಇಳಿಯಲಿ ಎಂದು ಅಡ್ಡಾದೆ, ಅಷ್ಟೇ ನೆನಪು. ಎಚ್ಚರವಾದದ್ದು ಸದ್ದು ನಿಂತಾಗ. ಬಾಗಿಲಲ್ಲಿ ಆಯಿ ನಿಂತಿದ್ದಳು. ಹೊರಗೆ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು.

“ಕರೆಂಟ್ ಹೋತು, ನೀವು ಎದ್ರಿ! ಏನ್ ಗೊರಕಿ ತಾಯಿ, ಮಗ್ಗದ ಮ್ಯಾಲ ಕೇಳಾಕತ್ತಿತ್ತು. ಹೋಗ್ರಿ, ಸಾಮಾನು ತರ್ರಿ.”

ಎಷ್ಟೋ ವರ್ಷಗಳ ಮೇಲೆ ಹಾಗೆ ಮಲಗಿದ್ದೆ. ಚಾಪೆಯ ಮೇಲೆ ಕೂತು ಹೊಟ್ಟೆ ತುಂಬ ನಕ್ಕೆ. ಬಾಡಿಗೆ ಹುಬ್ಬಳ್ಳಿಯ ಅರ್ಧವೂ ಇಲ್ಲ ಎಂದು ಕೇಳಿದ ಮೇಲಂತೂ ಇನ್ನೊಮ್ಮೆ ನಕ್ಕೆ.

ಸಾಮಾನು ಇಳಿಸಿದ ವಾರದಲ್ಲೇ ಆಯಿಯ ಮೈದುನ ಬಂದರು. ಆಯಿಯ ಗಂಡ ಹೋದಮೇಲೆ ಮಗ್ಗದ ವ್ಯವಹಾರ ನೋಡುತ್ತಿದ್ದವರು ಅವರೇ. “ಒಬ್ಬಾಕಿ ಹೆಣ್ಮಗಳಿಗೆ ಮನಿ ಕೊಟ್ಟೀರಲ್ಲ ವೈನಿ, ನಾಳೆ ಮಂದಿ ಏನಂದಾರು?” ಎಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಬಿಚ್ಚಿದ ಗಂಟನ್ನು ಮತ್ತೆ ಕಟ್ಟಬೇಕೇ?

“ಯಾಕೋ, ನಾನೂ ಒಬ್ಬಾಕಿನ ಅದೀನಿ. ನನ್ನೂ ಬಿಡಿಸ್ತಿಯೇನು?”

ಓಣಿಗೆಲ್ಲ ಕೇಳಿಸಿತು. ಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಆಮೇಲಿನ ವರ್ಷಗಳು ನನ್ನ ಬಾಳಿನ ಒಳ್ಳೆಯ ವರ್ಷಗಳು. ಮಗ್ಗದ ಮೇಲೆ ಎಳೆ ಹರಿದರೆ ಆಯಿ ನನ್ನನ್ನು ಕೂಗುತ್ತಿದ್ದಳು. “ಗಾಯಕ್ಕ ಹೊಲಿಗಿ ಹಾಕಿದ ಕೈ ಅದು, ಗಂಟು ಹಾಕ್ಲಿ” ಎಂದು ಕೆಲಸದವರ ಮುಂದೆ ಹೊಗಳುವಳು. ನಾನು ಆಕೆಯ ಬಿಪಿ ನೋಡುತ್ತಿದ್ದೆ. ಹೆಚ್ಚಾಗಿದೆ ಎಂದರೆ ಯಂತ್ರ ಕೆಟ್ಟಿದೆ ಎನ್ನುತ್ತಿದ್ದಳು. ಸಂಜೆ ಕಟ್ಟೆಯ ಮೇಲೆ ಇಬ್ಬರೂ ಚುರುಮುರಿ ತಿನ್ನುತ್ತ, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಕೂರುತ್ತಿದ್ದೆವು.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಆಯಿ ಏಳಲಿಲ್ಲ. ನಾಡಿ ನೋಡಿದವಳು ನಾನೇ. ಓಣಿಯ ಮಗ್ಗಗಳೆಲ್ಲ ನಿಂತವು. ಉಳಿದವರ ಮಗ್ಗ ಮರುದಿನ ಶುರುವಾದರೂ ನಮ್ಮ ಮನೆಯವು ದಿನಕರ್ಮ ಮುಗಿಯುವ ತನಕ ನಿಂತೇ ಇದ್ದವು. ಅಷ್ಟು ದಿನವೂ ನನಗೆ ನಿದ್ದೆಯಿಲ್ಲ. ಅಳು ಒಂದು ಕಡೆ, ಭಯ ಇನ್ನೊಂದು ಕಡೆ: ಇನ್ನು ಮೈದುನರೇ ಹಿರಿಯರು, ನನ್ನನ್ನು ಇರಗೊಡುತ್ತಾರೆಯೇ?

ಮತ್ತೆ ಮಗ್ಗ ಹಚ್ಚುವ ದಿನ ಮನೆಯ ಹಿರಿಯ ಹೆಂಗಸು ಮೊದಲ ಬಟನ್ ಒತ್ತಬೇಕು, ಅದು ಆ ಮನೆಯ ಪದ್ಧತಿ. ಚಿಮ್ಮಡಕ್ಕೆ ಕೊಟ್ಟಿದ್ದ ಆಯಿಯ ಮಗಳು ಆರತಿ ಹಿಡಿದು ನಿಂತಿದ್ದಳು. ನಾನು ಬಾಡಿಗೆಯವಳು, ಹಿಂದೆ ಗೋಡೆಗೆ ಒರಗಿದ್ದೆ. ಮೈದುನ ನನ್ನ ಕಡೆ ತಿರುಗಿದರು.

“ಸಿಸ್ಟರ್, ಬರ್ರಿ. ಮಗ್ಗ ನೀವ ಚಾಲೂ ಮಾಡ್ಬೇಕು. ವೈನಿ ಹೇಳಿ ಹೋಗ್ಯಾರ.”

“ಯಾವಾಗ ಹೇಳಿದ್ರು?”

“ಗೆಳತಿನ್ನ ನೋಡಾಕ ನೀವು ಚಿಮ್ಮಡಕ್ಕ ಹೋದಾಗ. ಗುಟ್ಟಿನಾಗ, ನನ್ನ ಕಿವಿಯಾಗ. ಸಿಸ್ಟರ್ ಇರೂತನಕ ಮನಿ ಆಕಿದು, ನಾ ಹೋದಮ್ಯಾಲ ಹಿರ್ಯಾಕಿನೂ ಆಕಿನ ಅಂದ್ರು.” ಮೈದುನ ತಲೆ ಕೆರೆದುಕೊಂಡರು. “ಓಣಿಗೆಲ್ಲ ಕೇಳೇತ್ರಿ. ನಾ ಈಗ ಇಲ್ಲ ಅನ್ನಾಕ ಬರೂದಿಲ್ಲ.”

ಬಾಗಿಲಲ್ಲಿ ನಿಂತ ಓಣಿಯವರೆಲ್ಲ ಗೊಳ್ಳೆಂದು ನಕ್ಕರು. ಮಗಳು ನಗುತ್ತ, ಅಳುತ್ತ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಬಟನ್ ಒತ್ತಿದೆ. ನೆಲ ನಡುಗಿತು, ಲಾಳಿ ಓಡಿತು, ಹತ್ತಿಯ ಧೂಳು ಎದ್ದಿತು. ಹುಬ್ಬನ್ನು ಒರೆಸಿಕೊಳ್ಳಲಿಲ್ಲ.

ಊಟ ಮಾಡಿ ನನ್ನ ಮನೆಯಲ್ಲಿ ಮಲಗಿದೆ. ಸಂಜೆ ಎದ್ದಾಗ ಆಯಿಯ ಮಗಳು ಚಹಾ ಹಿಡಿದು ನಿಂತಿದ್ದಳು. “ಏನ್ ಗೊರಕೀರಿ ನಿಮ್ದು!” ಎಂದಳು.